ಗುಂಡನ ಗ್ಯಾರೇಜು

ವಾರವೆಲ್ಲಾ ಬೆಂಗಳೂರಲ್ಲಿ ಕೋಡು ಕುಟ್ಟಿ, ಶುಕ್ರವಾರ ರಾತ್ರಿ ಮೈಸೂರಿಗೆ ಬರುವ ಅಪ್ಪ ನಾನು. ಮೊನ್ನೆ ಶನಿವಾರ ನಮ್ಮ ನಾಲ್ಕು ವರ್ಷದ ಗುಂಡನಿಗೆ ಆಟದ ಕಾರುಗಳ ಗ್ಯಾರೇಜು ಮಾಡಲು ಕೂತೆ. ದೇವರಾಜ ಅರಸು ರಸ್ತೆಯಲ್ಲಿ ಕೊಂಡ ಶೂಗಳ ಎರಡು ಡಬ್ಬ, ಹಳೇ ಪೇಪರ್ ಸುತ್ತಿ ಮಾಡಿದ ಕಂಬ, ಫೆವಿಕಾಲ್. ಹಾಟ್ ವೀಲ್ಸ್ ಕಾರುಗಳು ಸುಮಾರು 7 ಸೆಂ.ಮೀ. ಉದ್ದ, ಅಳೆದೇ ಬಾಗಿಲು ಕತ್ತರಿಸಿದೆ. ಮೊದಲ ಇಳಿಜಾರಿನಲ್ಲಿ ಎಲ್ಲವೂ ಪಲ್ಟಿ ಹೊಡೆದವು. 10 ಸೆಂ.ಮೀ. ಎತ್ತರಕ್ಕೆ 30 ಸೆಂ.ಮೀ. ಉದ್ದದ ರಟ್ಟು ಕೊಟ್ಟ ಮೇಲೆ ಸರಿಹೋಯ್ತು. ಇಂಜಿನಿಯರಿಂಗ್ ಓದಿದ್ದು ಸಾರ್ಥಕ ಅಂದುಕೊಂಡೆ!

ಗುಂಡ ಒಳಗೆ ಓಡಿ ಹೋಗಿ ತಂದಿದ್ದು ಚನ್ನಪಟ್ಟಣದ ಮರದ ಕಾರು. ಹಾಲೆ ಮರದ್ದು, ಮೈತುಂಬಾ ಅರಗಿನ ಕೆಂಪು ಬಣ್ಣ. ಬಾಗಿಲಲ್ಲಿ ತೂರಲೇ ಇಲ್ಲ.

"ಇದು ಎಲ್ಲಿ ಮಲಗತ್ತೆ?" ಅಂದ.

ಹೊಸ ಹೆದ್ದಾರಿ ಚನ್ನಪಟ್ಟಣದೊಳಕ್ಕೆ ಹೋಗೋಲ್ಲ. ಹಳೇ ರಸ್ತೆಗೆ ಇಳಿದು ಅದನ್ನು ತಂದುಕೊಟ್ಟವರು ನಮ್ಮಪ್ಪ. "ದಿನಾ ರಾತ್ರಿ ದಿಂಬಿನ ಪಕ್ಕ ಅದೇ ಕಣೋ ಇರೋದು" ಅಂದರು. ನನಗೆ ಗೊತ್ತೇ ಇರಲಿಲ್ಲ. ಆಫೀಸಲ್ಲಿ ಕ್ಲೈಂಟಿಗೆ ನೂರು ಪ್ರಶ್ನೆ ಕೇಳೋ ನಾನು ಗುಂಡನಿಗೆ ಒಂದೂ ಕೇಳಿರಲಿಲ್ಲ...

ಮುಂದಿನ ಗೋಡೆ ಪೂರ್ತಿ ಕಿತ್ತು ಹಾಕಿದೆ. ಈಗದು ಗ್ಯಾರೇಜಿಗಿಂತ ಬಸ್ ಸ್ಟ್ಯಾಂಡ್ ಥರ ಕಾಣತ್ತೆ, ನಗಬೇಡಿ.

ಆ ರಾತ್ರಿ ಮರದ ಕಾರು ಗ್ಯಾರೇಜಲ್ಲಿ ಮಲಗಿತು. ದಿಂಬಿನ ಪಕ್ಕ ಜಾಗ ಖಾಲಿ ಇತ್ತಲ್ಲ, ಅಲ್ಲಿ ನಾನು ಮಲಗಿದೆ.