ಸಣ್ಣ ದ್ವೀಪದ ಮಾತು

2010ರ ಆಗಸ್ಟ್ ತಿಂಗಳ ಕೊನೆಯ ವಾರ. ಟ್ರಿನಿಡಾಡಿನ ಪಿಯಾರ್ಕೋ ವಿಮಾನ ನಿಲ್ದಾಣದಲ್ಲಿ ಇಳಿದವರೆಲ್ಲ ಎರಡು ಸಾಲುಗಳಾಗಿ ಒಡೆದು ನಿಂತಿದ್ದರು. ಒಂದು ಕೆರಿಬಿಯನ್ ಸಮುದಾಯದ ದೇಶಗಳ ಪ್ರಜೆಗಳಿಗೆ, ಇನ್ನೊಂದು ಉಳಿದವರಿಗೆ. ಮೊದಲನೆಯ ಸಾಲಿನಲ್ಲಿ ನನ್ನ ತಮ್ಮನ ಮಗಳು, ಎರಡನೆಯದರಲ್ಲಿ ನಾನು. “ದೊಡ್ಡಪ್ಪ, ಆನು ಹೆರ ಕಾದೊಂಡಿರ್ತೆ” ಎಂದು ಕೈಬೀಸಿ ಅವಳು ಬೇಗನೆ ದಾಟಿಹೋದಳು. ಅವಳು ಒಳಗಿನವಳು, ನಾನು ಹೊರಗಿನವನು ಎಂದುಕೊಂಡೆ. ಅದು ಅಷ್ಟು ಸರಳವಾದ ಲೆಕ್ಕವಲ್ಲವೆಂದು ತಿಳಿಯಲು ಎರಡು ತಿಂಗಳು ಬೇಕಾಯಿತು.

ನನ್ನ ತಮ್ಮನು 1980ರ ದಶಕದಲ್ಲಿ ಅಧ್ಯಾಪಕನಾಗಿ ಸೇಂಟ್ ಲೂಸಿಯಾ ಎಂಬ ಪುಟ್ಟ ದ್ವೀಪಕ್ಕೆ ಹೋಗಿ ಅಲ್ಲಿಯೇ ನೆಲೆಸಿದವನು. ಮಗಳು ಹುಟ್ಟಿದ್ದೂ ಬೆಳೆದದ್ದೂ ಅಲ್ಲಿಯೇ. ಮನೆಯೊಳಗೆ ನಮ್ಮ ಹವ್ಯಕ ಕನ್ನಡ, ಶಾಲೆಯಲ್ಲಿ ಇಂಗ್ಲಿಷು, ಅಂಗಳದಾಚೆ ಕ್ವೆಯೋಲ್ ಎಂಬ ಫ್ರೆಂಚ್ ಮೂಲದ ಆಡುಮಾತು. ಮೂರನ್ನೂ ಅವಳು ಒಂದೇ ಉಸಿರಿನಲ್ಲಿ ಆಡುತ್ತಿದ್ದಳು. ನಮ್ಮ ಮನೆಮಾತಿನಲ್ಲಿ ಹೆಣ್ಣುಮಗಳನ್ನು ‘ಕೂಸು’ ಎನ್ನುತ್ತೇವೆ. ಇಪ್ಪತ್ತೆರಡು ವರ್ಷದ ವಿಜ್ಞಾನ ಪದವೀಧರೆಯಾದರೂ ನನಗೆ ಅವಳು ಕೂಸೇ. ನಾನು ತಮ್ಮನ ಮನೆಗೆ ಹೋಗಿದ್ದಾಗಲೇ ಅವಳಿಗೆ ಟ್ರಿನಿಡಾಡಿನಲ್ಲಿ ಸಂಶೋಧನಾ ವ್ಯಾಸಂಗಕ್ಕೆ ಪ್ರವೇಶ ದೊರೆಯಿತು. “ಅಣ್ಣಾ, ನೀನು ನಿವೃತ್ತ. ಅವಳು ಹೊಂದಿಕೊಳ್ಳುವವರೆಗೆ ಜೊತೆಗಿರು” ಎಂದು ತಮ್ಮನು ಕೇಳಿಕೊಂಡನು. ನಾನು ಒಪ್ಪಿದೆ.

ಆ ವಿಶ್ವವಿದ್ಯಾನಿಲಯದ ಸ್ವರೂಪವೇ ನಮಗೆ ವಿಚಿತ್ರವೆನಿಸುವಂಥದು. ವೆಸ್ಟ್ ಇಂಡೀಸ್ ವಿಶ್ವವಿದ್ಯಾನಿಲಯವು ಒಂದು ದೇಶಕ್ಕೆ ಸೇರಿದುದಲ್ಲ, ಹಲವು ದ್ವೀಪಗಳಿಗೆ ಸೇರಿದುದು. 1948ರಲ್ಲಿ ಜಮೈಕಾದ ಮೋನಾದಲ್ಲಿ ಲಂಡನ್ ವಿಶ್ವವಿದ್ಯಾನಿಲಯದ ಆಶ್ರಯದಲ್ಲಿ ಕಾಲೇಜಾಗಿ ಆರಂಭವಾಯಿತು. 1960ರಲ್ಲಿ ಟ್ರಿನಿಡಾಡಿನ ಸೇಂಟ್ ಆಗಸ್ಟೀನಿನಲ್ಲಿದ್ದ ಹಳೆಯ ಉಷ್ಣವಲಯ ಕೃಷಿ ಕಾಲೇಜು ಅದರೊಡನೆ ಸೇರಿತು. 1963ರಲ್ಲಿ ಬಾರ್ಬಡೋಸಿನಲ್ಲಿ ಮೂರನೆಯ ಆವರಣ ತೆರೆಯಿತು. ಈ ನಡುವೆ 1958ರಲ್ಲಿ ಹತ್ತು ದ್ವೀಪ ಪ್ರಾಂತಗಳು ಸೇರಿ ಒಂದು ಒಕ್ಕೂಟವನ್ನು ಕಟ್ಟಿಕೊಂಡಿದ್ದವು. ಜಮೈಕಾ ಜನಮತದ ಮೂಲಕ ಹೊರನಡೆದಾಗ ಟ್ರಿನಿಡಾಡಿನ ನಾಯಕ ಎರಿಕ್ ವಿಲಿಯಮ್ಸರು, ಹತ್ತರಲ್ಲಿ ಒಂದನ್ನು ಕಳೆದರೆ ಉಳಿಯುವುದು ಸೊನ್ನೆ ಎಂದರಂತೆ. ಗಣಿತದ ಅಧ್ಯಾಪಕರು ಒಪ್ಪದ ಲೆಕ್ಕ, ಆದರೆ ಇತಿಹಾಸವು ಒಪ್ಪಿತು: 1962ರಲ್ಲಿ ಒಕ್ಕೂಟ ಮುರಿದುಬಿತ್ತು. ಮುರಿಯದೆ ಉಳಿದವುಗಳಲ್ಲಿ ಮುಖ್ಯವಾದವು ಎರಡು, ಕ್ರಿಕೆಟ್ ತಂಡ ಮತ್ತು ಈ ವಿಶ್ವವಿದ್ಯಾನಿಲಯ. ಆದುದರಿಂದಲೇ ಅಲ್ಲಿಯ ಮಕ್ಕಳು ಓದಿಗಾಗಿ ಒಂದು ದ್ವೀಪದಿಂದ ಇನ್ನೊಂದಕ್ಕೆ ಸಮುದ್ರ ದಾಟುತ್ತಾರೆ. ಕೂಸು ಪದವಿಯನ್ನು ಬಾರ್ಬಡೋಸಿನಲ್ಲಿ ಮುಗಿಸಿದ್ದಳು. ಈಗ ಟ್ರಿನಿಡಾಡ್.

ಒಂದೇ ಸಮುದ್ರ, ಒಂದೇ ವಿಶ್ವವಿದ್ಯಾನಿಲಯ, ವಿಮಾನದಲ್ಲಿ ಸುಮಾರು ಒಂದು ಗಂಟೆಯ ದಾರಿ. ಹೊಂದಿಕೊಳ್ಳಲು ಏನಿದೆ ಎಂದುಕೊಂಡಿದ್ದೆ. ಮೊದಲ ದಿನವೇ ಲೆಕ್ಕ ತಪ್ಪಿತು. ಸೇಂಟ್ ಲೂಸಿಯಾದ ಡಾಲರ್ ಎರಡು ಮುಕ್ಕಾಲರಷ್ಟು ಕೊಟ್ಟರೆ ಒಂದು ಅಮೆರಿಕನ್ ಡಾಲರ್, ಬಾರ್ಬಡೋಸಿನದು ಎರಡು ಕೊಟ್ಟರೆ ಒಂದು, ಟ್ರಿನಿಡಾಡಿನದು ಆರಕ್ಕೂ ಹೆಚ್ಚು ಬೇಕು. ಅಂಗಡಿಯಲ್ಲಿ ಬೆಲೆ ಕೇಳಿದಾಗಲೆಲ್ಲ ಅವಳು ಬೆರಳೆಣಿಸುತ್ತ ನಿಲ್ಲುತ್ತಿದ್ದಳು. ಕೆಂಪು ಪಟ್ಟಿ ಬಳಿದ ‘ಮ್ಯಾಕ್ಸಿ’ ಎಂಬ ವ್ಯಾನುಗಳು ಪೂರ್ವಪಶ್ಚಿಮವಾಗಿ ಓಡುವ ಹೆದ್ದಾರಿಯಲ್ಲಿ ಜನರನ್ನು ಹತ್ತಿಸಿ ಇಳಿಸುತ್ತವೆ. ಎಲ್ಲಿ ಕೈತೋರಬೇಕು, ಎಲ್ಲಿ ಇಳಿಯುತ್ತೇನೆನ್ನಬೇಕು ಎಂಬುದು ಊರಿನವರಿಗೆ ಮಾತ್ರ ತಿಳಿದ ವಿದ್ಯೆ.

ಕ್ಯುರೆಪ್ ಎಂಬಲ್ಲಿ ಒಬ್ಬ ವೃದ್ಧೆಯ ಮನೆಯ ಹಿಂಬದಿಯ ಎರಡು ಕೋಣೆಗಳು ಬಾಡಿಗೆಗೆ ಸಿಕ್ಕಿದವು. ಅಂಗಳದಲ್ಲಿ ಬಿದಿರಿನ ಗಳುಗಳಿಗೆ ಕಟ್ಟಿದ ಕೆಂಪು, ಹಳದಿ ಬಾವುಟಗಳು. ಪೂಜೆಯಾದ ಮನೆಯ ಗುರುತು. ಆಕೆಯ ಹಿರಿಯರು ಕಬ್ಬಿನ ತೋಟದ ಕರಾರು ಕೂಲಿಗಳಾಗಿ ಉತ್ತರ ಹಿಂದುಸ್ಥಾನದಿಂದ ಬಂದವರು. 1845ರ ಮೇ 30ರಂದು ‘ಫತೇಲ್ ರಜಾಕ್’ ಹಡಗಿನಲ್ಲಿ ಮೊದಲ ತಂಡವು ಇಳಿದ ಮೇಲೆ, 1917ರವರೆಗೆ ಒಂದು ಲಕ್ಷ ನಲವತ್ತು ಸಾವಿರಕ್ಕೂ ಮಿಕ್ಕಿ ಜನ ಹಾಗೆ ಆ ದ್ವೀಪಕ್ಕೆ ಬಂದರು. ಮೊಮ್ಮಕ್ಕಳು ಆಕೆಯನ್ನು ‘ಆಜಿ’ ಎಂದು ಕರೆಯುವುದನ್ನು ಕೇಳಿ ನಾನು ಒಂದು ಗಳಿಗೆ ನಮ್ಮೂರಿನ ಜಗಲಿಯಲ್ಲಿ ಕುಳಿತಂತೆ ಬೆಚ್ಚಿದೆ. ನಾವೂ ಹಾಗೆಯೇ ಕರೆಯತೊಡಗಿದೆವು. ಆಜಿಗೆ ಭೋಜಪುರಿ ಹಾಡುಗಳು ಬರುತ್ತಿದ್ದವು, ಮಾತು ಬರುತ್ತಿರಲಿಲ್ಲ. “ನನ್ನ ಆಜಿ ಆಡುತ್ತಿದ್ದಳು. ಶಾಲೆಯಲ್ಲಿ ಕೂಲಿ ಭಾಷೆ ಎಂದು ನಗುತ್ತಿದ್ದರು. ನಾವು ಬಿಟ್ಟೆವು” ಎಂದು ಆಕೆ ಒಮ್ಮೆ ಇಂಗ್ಲಿಷಿನಲ್ಲಿ ಹೇಳಿದರು. ಅಷ್ಟೇ. ನಾನು ಆಗ ಆ ಮಾತಿಗೆ ಹೆಚ್ಚು ಬೆಲೆ ಕೊಡಲಿಲ್ಲ.

ಆ ಊರಿನಲ್ಲಿ ಬೆಳಗಿನ ತಿಂಡಿಯೆಂದರೆ ‘ಡಬಲ್ಸ್’: ಅರಸಿನ ಹಾಕಿ ಕರಿದ ಎರಡು ಮೆತ್ತನೆಯ ರೊಟ್ಟಿಗಳ ನಡುವೆ ಕಡಲೆಯ ಗಸಿ. ರಸ್ತೆಬದಿಯಲ್ಲಿ ನಿಂತೇ ತಿನ್ನಬೇಕು. ಮಾರುವವನು ಖಾರ ಎಷ್ಟೆಂದು ಕೇಳಿದನು. ಕೂಸು ಉತ್ತರಿಸಿದೊಡನೆ ಅವನ ಮುಖದಲ್ಲಿ ನಗು ಮೂಡಿತು. “ಓ, ಸಣ್ಣ ದ್ವೀಪದವಳೋ!” ಸುತ್ತ ನಿಂತವರೂ ನಕ್ಕರು. ಟ್ರಿನಿಡಾಡಿನವರು ಚಿಕ್ಕ ದ್ವೀಪಗಳಿಂದ ಬಂದವರನ್ನು ಹಾಗೆ ಕರೆಯುವುದು ಹಳೆಯ ರೂಢಿ. ಕೆಡುಕಿನ ನಗುವಲ್ಲ, ಆದರೆ ನಗು. ಅವಳ ಮುಖ ನೋಡಿ ಎಲ್ಲರೂ ಅವಳನ್ನು ಆ ಊರಿನವಳೆಂದೇ ತಿಳಿಯುತ್ತಿದ್ದರು. ಸೇಂಟ್ ಲೂಸಿಯಾದಲ್ಲಿ ಅವಳು ಇಂಡಿಯನ್ ಹುಡುಗಿ, ಮುಖದಿಂದ ಬೇರೆಯವಳು. ಇಲ್ಲಿ ಮುಖವು ಊರಿನದು, ಬಾಯಿ ತೆರೆದರೆ ಬೇರೆಯವಳು.

ಅದು ಹಲವೆಡೆ ಮರುಕಳಿಸಿತು. ಪದವಿ ತರಗತಿಯಲ್ಲಾದರೆ ನೂರು ಮಂದಿ ಜೊತೆಗಾರರಿರುತ್ತಾರೆ, ಹಾಸ್ಟೆಲಿರುತ್ತದೆ. ಸಂಶೋಧನಾ ವಿದ್ಯಾರ್ಥಿಗೆ ಒಂದು ಮೇಜು, ಒಬ್ಬ ಮಾರ್ಗದರ್ಶಕರು, ಗ್ರಂಥಾಲಯ ಮತ್ತು ಅವಳ ವಿಷಯ. ಮಾತಾಡದೆಯೇ ದಿನ ಕಳೆಯಬಹುದು. ಅವಳು ಹಾಗೆಯೇ ಕಳೆಯತೊಡಗಿದಳು. ಒಂದು ರಾತ್ರಿ ತಟ್ಟೆಯ ಮುಂದೆ ಕುಳಿತು ಹೇಳಿದಳು: “ದೊಡ್ಡಪ್ಪ, ಎನಗೆ ಇಲ್ಲಿ ಮಾತೇ ಬತ್ತಿಲ್ಲೆ.”

ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ನಾನು ಕೊಟ್ಟ ಸಲಹೆಯನ್ನು ಇಲ್ಲಿ ಮುಚ್ಚಿಡದೆ ಬರೆಯುತ್ತೇನೆ. “ಅವರಂತೆಯೇ ಆಡಲು ಕಲಿ. ಇಲ್ಲವೇ ರೇಡಿಯೋದವರಂತೆ ಶುದ್ಧವಾಗಿ ಆಡು. ಉಚ್ಚಾರ ತಿದ್ದಿಕೊಂಡರೆ ನಗುವವರು ಯಾರು?” ಎಂದೆ. ವಿಧೇಯ ಹುಡುಗಿ. ಅಕ್ಟೋಬರ್ ತಿಂಗಳಲ್ಲಿ ವಿಭಾಗದ ಎದುರು ತನ್ನ ವಿಷಯವನ್ನು ಮಂಡಿಸಬೇಕಿತ್ತು. ರಾತ್ರಿ ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡುತ್ತಿದ್ದಳು. ಗೋಡೆಯ ಈಚೆ ನನಗೆ ಕೇಳಿಸುತ್ತಿದ್ದುದು ಯಾವುದೋ ಅಪರಿಚಿತ ಹೆಂಗಸಿನ ದನಿ. ಒಂದು ಶಬ್ದ ಜಾರಿದರೆ ಮೊದಲಿನಿಂದ ಶುರು. ಮಂಡನೆ ತಪ್ಪಿಲ್ಲದೆ ಮುಗಿಯಿತಂತೆ. ಆದರೆ ಆಮೇಲೆ ಅವಳು ಮನೆಯಲ್ಲಿಯೂ ನನ್ನೊಡನೆ ಕನ್ನಡದಲ್ಲಿ ಅಳೆದು ತೂಗಿ ಮಾತಾಡಲಾರಂಭಿಸಿದಳು. ‘ಎನಗೆ’ ಹೋಗಿ ‘ನನಗೆ’ ಬಂತು. ಪುಸ್ತಕದ ಕನ್ನಡ. ನಾನು ಜೀವಮಾನವಿಡೀ ಮಕ್ಕಳಿಂದ ಬಯಸಿದ್ದ ಕನ್ನಡ. ಅದನ್ನು ಅವಳ ಬಾಯಲ್ಲಿ ಕೇಳಿ ನನಗೆ ಸಂತೋಷವಾಗಲಿಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ. ಹಿಂದೆ ಬಿ.ಎ. ಓದಲು ಕಾಸರಗೋಡಿನಿಂದ ಮಂಗಳೂರಿಗೆ ಹೋದ ಒಬ್ಬ ಹುಡುಗನ ನೆನಪಾಯಿತು. ರೈಲಿನಲ್ಲಿ ಐವತ್ತು ಕಿಲೋಮೀಟರಿನಷ್ಟು ದಾರಿ. 1956ಕ್ಕೆ ಮೊದಲು ಒಂದೇ ಜಿಲ್ಲೆ. ಆದರೂ ಅವನ ಮಾತಿನಲ್ಲಿ ಸೇರಿಕೊಂಡ ಮಲೆಯಾಳದ ಶಬ್ದವನ್ನು ಹಿಡಿದು ಸಹಪಾಠಿಗಳು ನಗುತ್ತಿದ್ದರು. ಅವನು ಮನೆಮಾತನ್ನು ಬಾಯಿಯೊಳಗೇ ನುಂಗಿ, ಪುಸ್ತಕದ ಕನ್ನಡವನ್ನು ಧರಿಸಿ ಪದವೀಧರನಾದನು. ಆಮೇಲೆ ಅಧ್ಯಾಪಕನಾಗಿ, ಕೆಂಪು ಶಾಯಿ ಹಿಡಿದು, ಮಕ್ಕಳ ಪ್ರಬಂಧಗಳಲ್ಲಿ ಕಂಡ ಮನೆಯ ಶಬ್ದಗಳ ಕೆಳಗೆಲ್ಲ ಗೆರೆ ಎಳೆದನು. ಕನ್ನಡವನ್ನು ಉಳಿಸುತ್ತಿದ್ದೇನೆಂದು ಅವನ ನಂಬಿಕೆ. ಆಜಿಯ ಮಾತು ಆಗ ನನಗೆ ಅರ್ಥವಾಯಿತು.

ಮರುದಿನ ಏನು ಹೇಳಬೇಕೆಂದು ತೋಚದೆ, ಅವಳ ಕೆಲಸವನ್ನು ತೋರಿಸೆಂದೆ. ಸೇಂಟ್ ಆಗಸ್ಟೀನಿನ ಕೋಕೋ ಸಂಶೋಧನೆ ಲೋಕಪ್ರಸಿದ್ಧವಾದುದು. ಸ್ಪೇನಿನವರು ತಂದು ನೆಟ್ಟ ಕೋಕೋ ಅಲ್ಲಿ 1727ರ ಸುಮಾರಿಗೆ ನಾಶವಾಗಿ, ಆಮೇಲೆ ದಕ್ಷಿಣ ಅಮೆರಿಕದಿಂದ ಬಂದ ಬೇರೊಂದು ತಳಿಯು ಉಳಿದವುಗಳೊಡನೆ ಬೆರೆತು ‘ಟ್ರಿನಿಟಾರಿಯೋ’ ಎಂಬ ಮಿಶ್ರತಳಿ ಹುಟ್ಟಿತು. ದ್ವೀಪದ ಹೆಸರನ್ನೇ ಹೊತ್ತ ಅದು ಈಗ ಒಳ್ಳೆಯ ಚಾಕೊಲೇಟಿಗೆ ಹೆಸರಾದ ತಳಿ. ಸೆಂಟೆನೋ ಎಂಬಲ್ಲಿಯ ತೋಟದಲ್ಲಿ ಎರಡು ಸಾವಿರಕ್ಕೂ ಮಿಕ್ಕಿದ ಕೋಕೋ ಬಗೆಗಳನ್ನು ಕಾಪಾಡಿದ್ದಾರೆ. ಕೂಸು ಅಧ್ಯಯನಕ್ಕೆ ಆಯ್ದುಕೊಂಡದ್ದು ಕಾಯಿ ಕಪ್ಪಾಗಿ ಕೊಳೆಯುವ ರೋಗ. ಕಪ್ಪು ಹಿಡಿದ ಕಾಯಿಯೊಂದನ್ನು ಕೈಯಲ್ಲಿ ಹಿಡಿದು ನಾನೆಂದೆ: “ಇದು ನಮ್ಮ ಅಡಕೆಯ ಕೊಳೆರೋಗದ ಅಣ್ಣನೋ ತಮ್ಮನೋ ಇರಬೇಕು. ಆಟಿಯ ಮಳೆಯಲ್ಲಿ ನಾವು ಮೈಲುತುತ್ತು, ಸುಣ್ಣ ಕಲಸಿ ಗೊನೆಗೆ ಮದ್ದು ಬಿಡುತ್ತೇವೆ.” ಅವಳ ಕಣ್ಣರಳಿತು. ಎರಡಕ್ಕೂ ಕಾರಣ ಫೈಟೋಫ್ತೋರ ಎಂಬ ಒಂದೇ ಕುಲದ ಸೂಕ್ಷ್ಮಜೀವಿ, ಇಲ್ಲಿಯೂ ಅದೇ ತಾಮ್ರದ ಮದ್ದು ಎಂದು ಅರ್ಧ ಗಂಟೆ ವಿವರಿಸಿದಳು. ಹವ್ಯಕ, ಇಂಗ್ಲಿಷು, ನಡುವೆ ಎರಡು ಕ್ವೆಯೋಲ್ ಶಬ್ದ. ನಾನು ತಿದ್ದಲಿಲ್ಲ. “ಮೊನ್ನೆ ಹೀಗೆ ಹೇಳಬೇಕಿತ್ತು. ನಾನು ಹೇಳಿಕೊಟ್ಟದ್ದು ತಪ್ಪು” ಎಂದೆ. ಅವಳು ಉತ್ತರಿಸಲಿಲ್ಲ.

ಅಕ್ಟೋಬರ್ 30ರ ಶನಿವಾರ ಟೋಮಾಸ್ ಎಂಬ ಚಂಡಮಾರುತವು ಸೇಂಟ್ ಲೂಸಿಯಾವನ್ನು ಹೊಡೆಯಿತು. ಟ್ರಿನಿಡಾಡ್ ದಕ್ಷಿಣಕ್ಕಿರುವುದರಿಂದ ಅಂಥ ಗಾಳಿ ಅಲ್ಲಿಗೆ ಬರುವುದು ಅಪರೂಪ. ನಮ್ಮ ಕಿಟಕಿಯಾಚೆ ಬರಿಯ ಮೋಡ, ಅಲ್ಲಿ ಮನೆಯವರ ಮೇಲೆ ಗುಡ್ಡ ಜರಿಯುತ್ತಿತ್ತು. ತಮ್ಮನ ಮನೆ ಸೂಫ್ರಿಯೇರ್ ಪಟ್ಟಣದ ಹತ್ತಿರ. ಆ ಭಾಗದ ರಸ್ತೆಗಳು ಕುಸಿದು, ದೋಣಿಯಲ್ಲಿ ಮಾತ್ರ ತಲಪಲು ಸಾಧ್ಯವೆಂಬ ಸುದ್ದಿ ಬಂತು. ದೂರವಾಣಿ ಸತ್ತುಹೋಗಿತ್ತು. ಎರಡು ರಾತ್ರಿ ಅವಳು ಮಲಗಲಿಲ್ಲ. ಆಜಿ ತಮ್ಮ ಮಂಚವನ್ನು ಬಿಟ್ಟು ನಮ್ಮ ಕೋಣೆಗೆ ಬಂದು ಕುರ್ಚಿಯಲ್ಲಿ ಕುಳಿತರು. ಮಾತಿಲ್ಲ, ಕೈಯಲ್ಲಿ ಮಾಲೆ, ಬಾಯಲ್ಲಿ ತಮಗೆ ಅರ್ಥ ಮರೆತ ಹಾಡು.

ಸೋಮವಾರ ವಿದ್ಯಾರ್ಥಿಗಳು ಅಕ್ಕಿ, ನೀರು, ಹೊದಿಕೆಗಳನ್ನು ಒಟ್ಟುಗೂಡಿಸುತ್ತಿದ್ದ ಕಡೆಗೆ ಅವಳ ಜೊತೆ ನಾನೂ ಹೋದೆ. ಹಲವು ದ್ವೀಪಗಳ ಹುಡುಗರಿದ್ದರು, ಟ್ರಿನಿಡಾಡಿನವರೇ ಹೆಚ್ಚು. ಅಲ್ಲಿ ಯಾರೋ ಒಬ್ಬ ಸೇಂಟ್ ಲೂಸಿಯಾದ ಹುಡುಗನಿಗೆ ಊರಿನ ಸಂಪರ್ಕ ಸಿಕ್ಕಿತು. ಕೂಸು ಆ ಫೋನನ್ನು ಕಸಿದು ಕ್ವೆಯೋಲಿನಲ್ಲಿ ಕೂಗತೊಡಗಿದಳು. ಅಷ್ಟು ಗಟ್ಟಿಯಾಗಿ ಅವಳು ಮಾತಾಡಿದ್ದನ್ನು ನಾನು ಅಲ್ಲಿ ಕೇಳಿಯೇ ಇರಲಿಲ್ಲ. ಎಲ್ಲರೂ ಕೈಯ ಕೆಲಸ ನಿಲ್ಲಿಸಿ ನೋಡಿದರು. ಯಾರೂ ನಗಲಿಲ್ಲ. ಫೋನು ಕೆಳಗಿಳಿಸಿ, ಸುತ್ತಲಿದ್ದವರಿಗೆ ತನ್ನ ಸಣ್ಣ ದ್ವೀಪದ ಇಂಗ್ಲಿಷಿನಲ್ಲಿ ಏನೋ ಹೇಳಿ, ನನ್ನತ್ತ ತಿರುಗಿದಳು: “ಅಪ್ಪ, ಅಮ್ಮ ಶಾಲೆಲಿ ಇದ್ದವಡ, ದೊಡ್ಡಪ್ಪ. ಎಂತದೂ ಆಯಿದಿಲ್ಲೆಡ.” ಪುಸ್ತಕದ ಕನ್ನಡ ಎಲ್ಲಿಯೋ ಬಿದ್ದುಹೋಗಿತ್ತು. ನಾನು ಅಲ್ಲಿಯೇ ಅಕ್ಕಿಮೂಟೆಯ ಮೇಲೆ ಕುಳಿತುಬಿಟ್ಟೆ.

ಆ ಶುಕ್ರವಾರ, ನವೆಂಬರ್ 5, ದೀಪಾವಳಿ. ಆ ದೇಶದಲ್ಲಿ ಅದು ಸರಕಾರೀ ರಜೆ. ಸೀಳಿದ ಬಿದಿರನ್ನು ಕಮಾನಾಗಿ ಬಗ್ಗಿಸಿ ಅದರ ಮೇಲೆ ಹಣತೆ ಸಾಲಿಡುತ್ತಾರೆ. ಪ್ರಯೋಗಾಲಯದ ಮೂವರು ಜೊತೆಗಾರರು ಬಂದಿದ್ದರು. ಎಣ್ಣೆ ಹೊಯ್ಯುತ್ತ ಒಬ್ಬನು ಅವಳ ಉಚ್ಚಾರವನ್ನು ಅಣಕಿಸಿದನು. ಅವಳು ತಿರುಗಿ ಅವನದನ್ನು ಅಣಕಿಸಿದಳು. ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವರು ಆಜಿ. ಇನ್ನು ನಾನು ಊರಿಗೆ ಹೊರಡಬಹುದೆಂದು ಆಗ ಅನಿಸಿತು. ಎರಡು ವಾರಗಳ ತರುವಾಯ ಹೊರಟೆ. ನನ್ನ ಕಾಲು ಮುಟ್ಟಿ, “ಎನ್ನ ಚಿಂತೆ ಮಾಡೆಡಿ” ಎಂದಳು.

ಅವಳು ವ್ಯಾಸಂಗ ಮುಗಿಸಿ ಈಗ ಬೇರೊಂದು ದ್ವೀಪದಲ್ಲಿ ಕೋಕೋ ಬೆಳೆಗಾರರ ನಡುವೆ ಕೆಲಸ ಮಾಡುತ್ತಿದ್ದಾಳೆ. ಆಟಿಯಲ್ಲಿ ಫೋನು ಮಾಡಿ, ಮದ್ದು ಬಿಟ್ಟಾಯಿತೇ ಎಂದು ಕೇಳುತ್ತಾಳೆ.

ಕಳೆದ ವರ್ಷ ನಮ್ಮ ಸಂಘದ ಮಕ್ಕಳ ಪ್ರಬಂಧ ಸ್ಪರ್ಧೆಗೆ ನಾನು ತೀರ್ಪುಗಾರನಾಗಿದ್ದೆ. ಐದನೆಯ ತರಗತಿಯ ಹುಡುಗಿಯೊಬ್ಬಳು ‘ಎನ್ನ ಅಜ್ಜಿ’ ಎಂದು ಶೀರ್ಷಿಕೆ ಬರೆದಿದ್ದಳು. ಹಳೆಯ ಅಭ್ಯಾಸ, ಕೆಂಪು ಲೇಖನಿ ಆ ಅಕ್ಷರಗಳ ಕೆಳಗೆ ಹೋಗಿ ನಿಂತಿತು. ಅಲ್ಲಿಂದ ಅದನ್ನು ಎತ್ತಿ, ಮುಚ್ಚಳ ಹಾಕಿ, ಪ್ರಬಂಧವನ್ನು ಮೊದಲಿನಿಂದ ಓದಿದೆ.