ಅಮ್ಮ ಕಿವಿಯಿಂದ ತೆಗೆದಿಟ್ಟದ್ದು

ಎರಡು ವರ್ಷ ನಾನು ಅಮ್ಮನನ್ನು ಬೈದಿದ್ದೇನೆ. ದಿನಾ ಅಲ್ಲ, ಆದರೆ ವಾರಕ್ಕೆ ಎರಡು ಸಲವಾದರೂ. "48 ಸಾವಿರ ಕೊಟ್ಟು ತಂದಿದ್ದನ್ನ ಡಬ್ಬೀಲಿ ಇಟ್ಕೊಂಡು ಕೂತಿದೀಯಲ್ಲಮ್ಮ, ಹಾಕ್ಕೊಂಡ್ರೆ ಏನಾಗತ್ತೆ?" ಅಮ್ಮ ನನ್ನ ತುಟಿ ನೋಡಿಯೇ ಅರ್ಥ ಮಾಡಿಕೊಂಡು, ಏನೂ ಹೇಳದೆ ಶ್ರವಣಯಂತ್ರವನ್ನು ಕಿವಿಗೆ ಸಿಕ್ಕಿಸಿಕೊಳ್ಳುತ್ತಿದ್ದಳು. ಒಂದು ಗಂಟೆ ಬಿಟ್ಟು ನೋಡಿದರೆ ಅದು ಮತ್ತೆ ಡಬ್ಬಿಯೊಳಗೆ. ಹಟ ಅಂದುಕೊಂಡಿದ್ದೆ. ಹಟ ಅಲ್ಲ, ನಾನು ಮನೆ ತುಂಬ ತಂದಿಟ್ಟ ಯಂತ್ರಗಳಿಂದ ಅವಳು ತಪ್ಪಿಸಿಕೊಳ್ಳುತ್ತಿದ್ದ ರೀತಿ ಅದು ಎಂದು ತಿಳಿಯುವಷ್ಟರಲ್ಲಿ, ಬೆಳಗಿನ ಹೊತ್ತು ಅವಳು ಅಡುಗೆಮನೆ ಕಡೆ ಬರುವುದನ್ನೇ ಬಿಟ್ಟಿದ್ದಳು.

ಅಪ್ಪ ತೀರಿಕೊಂಡ ಮೇಲೆ ಅಮ್ಮ ತೀರ್ಥಹಳ್ಳಿ ಕಡೆಯ ನಮ್ಮ ಮನೆಗೆ ಬೀಗ ಹಾಕಿ ಬೆಂಗಳೂರಿಗೆ ಬಂದಳು. ಅವಳು ಬರುತ್ತಾಳೆಂದೇ ನಾನು ಸ್ವಲ್ಪ ದೊಡ್ಡ ಫ್ಲ್ಯಾಟಿಗೆ ಬಂದಿದ್ದೆ. ಹಾಲ್, ಊಟದ ಮೇಜು, ಅಡುಗೆಮನೆ, ನಡುವೆ ಗೋಡೆಯೇ ಇಲ್ಲ. ಅಡುಗೆಮನೆಯ ಹಿಂದೆ ಬಟ್ಟೆ ಒಗೆಯಲು ಪುಟ್ಟ ಯುಟಿಲಿಟಿ. ದೀಪಾವಳಿ ಆಫರಿನ ಒಂದು ಭಾನುವಾರ ಮಧ್ಯಾಹ್ನ, ಎರಡೇ ಗಂಟೆಯಲ್ಲಿ ಎಲ್ಲವನ್ನೂ ಕೊಂಡೆ: ಮಿಕ್ಸಿ, ವಾಷಿಂಗ್ ಮೆಷಿನ್, ಚಿಮಣಿ. ಅಮ್ಮನಿಗೆ ಕೈ ನೋವಾಗಬಾರದು, ಅವಳು ಇನ್ನು ಮೇಲೆ ಒಗೆಯಬಾರದು, ರುಬ್ಬಬಾರದು ಎಂಬುದು ನನ್ನ ಆಸೆ. ಅದು ನಿಜವಾದ ಆಸೆಯೇ. ಆದರೆ ಆ ದಿನ ಅವಳನ್ನು ಅಂಗಡಿಗೆ ಕರೆದುಕೊಂಡು ಹೋಗಲಿಲ್ಲ.

ನಾನು ನೋಡಿದ್ದು ಅಂಕಿಗಳನ್ನು. ಮಿಕ್ಸಿ ಎಂದರೆ ವಾಟ್, 750ಕ್ಕಿಂತ 1000 ಗಟ್ಟಿ. ವಾಷಿಂಗ್ ಮೆಷಿನ್ ಎಂದರೆ ನಿಮಿಷಕ್ಕೆ ಎಷ್ಟು ಸುತ್ತು ಹಿಂಡುತ್ತದೆ, 1000ಕ್ಕಿಂತ 1400 ಮೇಲು. ಚಿಮಣಿಗೆ ಎಳೆತ ಹೆಚ್ಚಿದ್ದಷ್ಟೂ ಒಳ್ಳೆಯದು. ವಿದ್ಯುತ್ ಎಷ್ಟು ಉಳಿಯುತ್ತದೆ ಎಂದು ನಕ್ಷತ್ರ ಎಣಿಸಿದೆ. ಆ ನಕ್ಷತ್ರದ ಚೀಟಿ ಯೂನಿಟ್ಟಿನ ಲೆಕ್ಕ ಹೇಳುತ್ತದೆ, ಸದ್ದಿನ ವಿಷಯ ಅದರಲ್ಲಿಲ್ಲ. ಅಂಗಡಿಯಲ್ಲಿ ಯಾವ ಯಂತ್ರವನ್ನೂ ಓಡಿಸಿ ತೋರಿಸಲಿಲ್ಲ, ತೋರಿಸಿ ಎಂದು ನಾನೂ ಕೇಳಲಿಲ್ಲ. ಸೀರೆ ಕೊಳ್ಳುವಾಗ ಸೆರಗು ಬಿಚ್ಚಿಸಿ ಬೆಳಕಿಗೆ ಹಿಡಿದು ನೋಡುವವಳು ನಾನು.

ನಮ್ಮ ಬೆಳಗು ಹೇಗಿತ್ತೆಂದರೆ, ಆರೂವರೆಗೆ ಮಿಕ್ಸಿಯಲ್ಲಿ ಚಟ್ನಿ, ಅದೇ ಹೊತ್ತಿಗೆ ಚಿಮಣಿ, ಹಿಂದೆ ಯುಟಿಲಿಟಿಯಲ್ಲಿ ಮೆಷಿನ್. ಎಂಟೂಕಾಲಿಗೆ ನಾನು ಆಫೀಸಿಗೆ ಹೊರಡುವವರೆಗೆ ಮೂರರಲ್ಲಿ ಒಂದಾದರೂ ಕೂಗುತ್ತಲೇ ಇರುತ್ತಿತ್ತು. ಅಮ್ಮನ ಜೊತೆ ನಾನು ಮಾತಾಡಬಹುದಾಗಿದ್ದ ಹೊತ್ತೂ ಅದೇ, ಏಕೆಂದರೆ ರಾತ್ರಿ ನಾನು ಮನೆ ಸೇರುವಾಗ ಅವಳಿಗೆ ನಿದ್ದೆ. ನಾನು ದೋಸೆ ಹಾಕುತ್ತಾ ಕೂಗಿ ಏನೋ ಕೇಳುವುದು, ಅವಳು ಮುಗುಳ್ನಕ್ಕು ತಲೆ ಆಡಿಸುವುದು. ಕೇಳಿಸಲಿಲ್ಲ ಎಂದು ಹೇಳಿದರೆ ನಾನು ಮತ್ತೆ ಕಿವಿಯ ಮಾತೆತ್ತುತ್ತೇನೆಂದು ಅವಳಿಗೆ ಗೊತ್ತಿತ್ತು.

ಶ್ರವಣಯಂತ್ರದ ತಪಾಸಣೆಗೆ ಹೋದಾಗ ಆಡಿಯಾಲಜಿಸ್ಟ್ ಅದನ್ನು ಕಂಪ್ಯೂಟರಿಗೆ ಜೋಡಿಸಿ ನೋಡಿದರು. ದಿನಕ್ಕೆ ಎಷ್ಟು ಗಂಟೆ ಅದು ಚಾಲೂ ಇರುತ್ತದೆಂಬ ಲೆಕ್ಕ ಅದರಲ್ಲೇ ಇರುತ್ತದಂತೆ. ಎರಡು ಗಂಟೆಯೂ ಇರಲಿಲ್ಲ. ನಾನು ದೂರು ಹೇಳಲು ಬಾಯಿ ತೆರೆದೆ. ಅವರು ನನ್ನನ್ನು ಬಿಟ್ಟು ಅಮ್ಮನನ್ನು ಕೇಳಿದರು: "ಅಮ್ಮಾ, ಯಾವಾಗ ತೆಗೀತೀರಿ?" ಅಮ್ಮ ತಕ್ಷಣ ಹೇಳಿದಳು: "ಮಿಕ್ಸಿ ಹಾಕ್ದಾಗ ತಲೆಯೊಳಗೆ ಗರಗಸ ಎಳದಂಗೆ ಆಗ್ತದೆ. ಆಮೇಲೆ ಹಾಕ್ಕಳಕ್ಕೆ ಹೆದ್ರಿಕೆ, ಯಾವಾಗ ಮತ್ತೆ ಶುರುವಾಗ್ತದೋ ಅಂತ."

ಎರಡು ವರ್ಷದಲ್ಲಿ ಈ ಪ್ರಶ್ನೆಯನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ಯಾಕೆ ಹಾಕಿಕೊಳ್ಳುವುದಿಲ್ಲ ಎಂದು ನೂರು ಸಲ ಗದರಿದ್ದೆ, ಯಾವಾಗ ತೆಗೆಯುತ್ತೀ ಎಂದು ಕೇಳಿರಲಿಲ್ಲ.

ಆಡಿಯಾಲಜಿಸ್ಟ್ ನನಗೆ ಬಿಡಿಸಿ ಹೇಳಿದರು. ವಯಸ್ಸಿನಿಂದ ಬರುವ ಕಿವುಡಿನಲ್ಲಿ ಮೆಲ್ಲನೆಯ ಸದ್ದು ಕೇಳುವುದಿಲ್ಲ, ಜೋರಿನದ್ದು ಮಾತ್ರ ಬೇರೆಯವರಿಗೆ ಕೇಳಿದಷ್ಟೇ ಜೋರಾಗಿ, ಕೆಲವರಿಗೆ ಅದಕ್ಕಿಂತಲೂ ಜೋರಾಗಿ ಬಡಿಯುತ್ತದೆ. ಕೇಳುವುದಕ್ಕೂ ಸಹಿಸಲಾಗದ್ದಕ್ಕೂ ನಡುವಿನ ಜಾಗ ಕಿರಿದಾಗಿಬಿಟ್ಟಿರುತ್ತದೆ. ಶ್ರವಣಯಂತ್ರ ದೊಡ್ಡ ಸದ್ದನ್ನು ಒಂದು ಮಟ್ಟಕ್ಕೆ ತಡೆಯುತ್ತದೆ, ಆದರೂ ಗೋಡೆಯಿಲ್ಲದ ಅಡುಗೆಮನೆಯಲ್ಲಿ, ಆರು ಅಡಿ ದೂರದಲ್ಲಿ ಓಡುವ ಮಿಕ್ಸಿಯ ಎದುರು ಅದು ಏನು ಮಾಡೀತು?

ಮರುದಿನ ಊಟದ ಮೇಜಿನಲ್ಲಿ ಅಮ್ಮನ ಕುರ್ಚಿಯಲ್ಲಿ ಕೂತು, ಮೊಬೈಲಿನಲ್ಲಿ ಸದ್ದು ಅಳೆದೆ. ಮೊಬೈಲಿನ ಅಳತೆ ಕರಾರುವಾಕ್ಕಲ್ಲ, ಆದರೆ ಒಂದಕ್ಕೊಂದು ಹೋಲಿಸಲು ಸಾಕು. ಮಿಕ್ಸಿ 86 ಡೆಸಿಬೆಲ್. ಮೆಷಿನ್ ಹಿಂಡುವಾಗ 78. ಚಿಮಣಿ 68. ಡೆಸಿಬೆಲ್ ನಮ್ಮ ಕೂಡುವ ಕಳೆಯುವ ಲೆಕ್ಕದಂತಲ್ಲ. 10 ಏರಿದರೆ ಶಬ್ದದ ಶಕ್ತಿ 10 ಪಟ್ಟಾಗುತ್ತದೆ, ಕಿವಿಗೆ ಸುಮಾರು ಎರಡರಷ್ಟು ಕೇಳುತ್ತದೆ. ನಮ್ಮ ದೇಶದ 2000ದ ಶಬ್ದಮಾಲಿನ್ಯ ನಿಯಮಗಳಲ್ಲಿ ವಸತಿ ಪ್ರದೇಶದ ಹಗಲಿನ ಮಿತಿ 55. ಆ ಮಿತಿ ಹೊರಗಿನ ಬೀದಿಗೆ. ಒಳಗೆ ನಾನೇ ಎಲ್ಲ ಕಿಟಕಿ ಮುಚ್ಚಿ ಅಮ್ಮನನ್ನು ಅದಕ್ಕಿಂತ ದೊಡ್ಡ ಗದ್ದಲದಲ್ಲಿ ಕೂರಿಸಿದ್ದೆ.

ಆಮೇಲೆ ಒಂದೊಂದನ್ನೇ ಅರ್ಥ ಮಾಡಿಕೊಳ್ಳುತ್ತಾ ಹೋದೆ. ಮಿಕ್ಸಿಯದು ಕಾರ್ಬನ್ ಬ್ರಷ್ ಉಜ್ಜುತ್ತಾ ತಿರುಗುವ ಮೋಟರು, ನಿಮಿಷಕ್ಕೆ ಹದಿನೆಂಟು ಇಪ್ಪತ್ತು ಸಾವಿರ ಸುತ್ತಿನವರೆಗೆ ಹೋಗುತ್ತದೆ. ಅದನ್ನು ತಣ್ಣಗಿಡುವ ಫ್ಯಾನೂ ಅದೇ ವೇಗದಲ್ಲಿ ತಿರುಗಿ ಕಿರುಚುತ್ತದೆ. ಚಟ್ನಿಗೆ ಅದು ಸರಿ, ಎರಡು ನಿಮಿಷದ ಮಾತು. ನಾನು ಇಡ್ಲಿ ದೋಸೆ ಹಿಟ್ಟನ್ನೂ ಅದರಲ್ಲೇ ಅರೆಯುತ್ತಿದ್ದೆ, ನಿಲ್ಲಿಸದೆ, ಹಿಟ್ಟು ಬಿಸಿಯಾಗುವವರೆಗೆ. ಅಡಿಯಲ್ಲಿ 30 ನಿಮಿಷ ಎಂದು ಬರೆದಿರುವುದಕ್ಕೆ ಅರ್ಧ ಗಂಟೆ ಒಂದೇ ಸಮ ಓಡಿಸಬಹುದು ಎಂದು ಅರ್ಥವಲ್ಲ, ನಡುನಡುವೆ ನಿಲ್ಲಿಸಿ ಆರಲು ಬಿಡಬೇಕು. ಅಡಿಯ ಕೆಂಪು ಗುಂಡಿ ಮತ್ತೆ ಮತ್ತೆ ಹಾರಿಕೊಳ್ಳುತ್ತಿದ್ದದ್ದು, ಸುಟ್ಟ ವಾಸನೆ ಬರುತ್ತಿದ್ದದ್ದು ಅದಕ್ಕೇ. 1000 ವಾಟ್ ಎಂದರೆ ಅಷ್ಟು ವಿದ್ಯುತ್ ಎಳೆಯುತ್ತದೆ ಎಂದು ಮಾತ್ರ. ಎಷ್ಟು ವರ್ಷ ಬಾಳುತ್ತದೆ, ಎಷ್ಟು ಮೆತ್ತಗೆ ಓಡುತ್ತದೆ ಎಂದು ಅದು ಹೇಳುವುದಿಲ್ಲ. ನನ್ನದು ಎರಡೂವರೆ ವರ್ಷಕ್ಕೆ ಕೂತುಹೋಯಿತು.

ವಾಷಿಂಗ್ ಮೆಷಿನ್ ವಿಷಯದಲ್ಲಿ ನನ್ನ ತಪ್ಪು ಇನ್ನೂ ದೊಡ್ಡದು. ಯುಟಿಲಿಟಿಯ ನೆಲ ನೀರು ಹರಿಯಲೆಂದು ಮೋರಿಯ ಕಡೆ ಇಳಿಜಾರಾಗಿಯೇ ಇರುತ್ತದೆ. ಮೆಷಿನ್ ವಾಲುತ್ತದೆಂದು ನಾನು ಒಂದು ಕಾಲಿನ ಕೆಳಗೆ ರಟ್ಟು ಮಡಿಸಿ ಇಟ್ಟಿದ್ದೆ. ರಟ್ಟು ನೆನೆದು ಮುದ್ದೆಯಾಗಿತ್ತು. ಹಿಂಡುವಾಗ ಮೆಷಿನ್ ನಡೆದಾಡುತ್ತಿತ್ತು, ಗೋಡೆಗೆ ಬಡಿಯುತ್ತಿತ್ತು, ಗೋಡೆಯ ಆಚೆ ಬದಿ ಅಮ್ಮನ ಮಂಚ. ಸದ್ದು ಯಂತ್ರದ ನರಳಾಟ ಎಂದು ನನಗೆ ಆಗ ತಿಳಿದಿರಲಿಲ್ಲ. ವಾಲಿ ನಿಂತ ಮೆಷಿನ್ ಅದುರುತ್ತಾ ಅದುರುತ್ತಾ ತನ್ನ ಬೇರಿಂಗನ್ನು ತಾನೇ ತಿನ್ನುತ್ತದೆ. ರಿಪೇರಿಗೆ ಬಂದ ಹುಡುಗ ಡ್ರಮ್ಮನ್ನು ಕೈಯಲ್ಲಿ ತಿರುಗಿಸಿ, ಗರಗರ ಕೇಳಿಸಿಕೊಂಡು, "ಮೇಡಂ, ಇದು ಎಷ್ಟು ದಿನದಿಂದ ಹೀಗೆ ಕೂಗ್ತಿದೆ?" ಎಂದ. ನನ್ನಲ್ಲಿ ಉತ್ತರ ಇರಲಿಲ್ಲ. ಅಮ್ಮ ಬಾಗಿಲ ಬಳಿ ನಿಂತಿದ್ದಳು. "ಸಂಕ್ರಾಂತಿಯಿಂದ," ಎಂದಳು. ಸದ್ದನ್ನು ಗೋಡೆಯಲ್ಲಿ, ಮಂಚದ ಕಾಲಲ್ಲಿ ಅವಳು ಮೈಯಿಂದ ಅರಿತಿದ್ದಳು.

ಜರ್ಮನಿಯಲ್ಲಿರುವ ತಂಗಿಗೆ ಇದನ್ನೆಲ್ಲ ಹೇಳಿದಾಗ ಅವಳು ತನ್ನ ಮೆಷಿನ್ನಿನ ಚೀಟಿಯ ಫೋಟೋ ಕಳಿಸಿದಳು. ಯುರೋಪಿನ ಚೀಟಿಯಲ್ಲಿ ವಿದ್ಯುತ್, ನೀರಿನ ಜೊತೆಗೆ ಹಿಂಡುವಾಗಿನ ಸದ್ದೂ ಡೆಸಿಬೆಲ್ಲಿನಲ್ಲಿ ಇರುತ್ತದೆ, 2021ರಿಂದ ಅದಕ್ಕೆ ಎ, ಬಿ ಎಂದು ದರ್ಜೆಯೂ ಇದೆ. ನಮ್ಮ ಚೀಟಿಯ ಮೇಲೂ ಅದೊಂದು ಸಾಲು ಇರಲೇಬೇಕು ಎಂದು ನಾನು ಬಲವಾಗಿ ನಂಬುತ್ತೇನೆ. ಬಾಣಂತಿಯರು, ಹಸುಗೂಸುಗಳು, ಕಾಯಿಲೆಯವರು, ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವವರು ಇರುವ ಮನೆಗಳಿಗೇ ಅಲ್ಲವೇ ಈ ಯಂತ್ರಗಳು ಹೋಗುವುದು?

ಹೊಸ ಮೆಷಿನ್, ಮಿಕ್ಸಿ ಕೊಳ್ಳಲು ಈ ಸಲ ಅಮ್ಮನನ್ನು ಕರೆದುಕೊಂಡು ಹೋದೆ, ಒಂದು ವಾರದ ದಿನ, ಅಂಗಡಿ ಖಾಲಿ ಇರುವಾಗ. ಪ್ಲಗ್ ಹಾಕಿ ತೋರಿಸಿ ಎಂದೆ. ಮೊದಲು ಒಲ್ಲೆ ಎಂದವರು ಅಮ್ಮನ ಕಿವಿ ನೋಡಿ ಒಪ್ಪಿದರು. ಬೆಲ್ಟಿಲ್ಲದ, ಇನ್ವರ್ಟರ್ ಮೋಟರಿನ ಮೆಷಿನ್ ತೆಗೆದುಕೊಂಡೆವು. ಸಾಗಿಸುವಾಗ ಡ್ರಮ್ ಅಲುಗದಂತೆ ಹಿಂದೆ ಬಿಗಿದಿರುವ ಬೋಲ್ಟುಗಳನ್ನು ಬಿಚ್ಚಿದ್ದನ್ನು ಈ ಬಾರಿ ನಿಂತು ಎಣಿಸಿದೆ. ಗಾರೆಯವರಿಂದ ಯುಟಿಲಿಟಿಯಲ್ಲಿ ಪುಟ್ಟ ಕಟ್ಟೆ ಕಟ್ಟಿಸಿ, ರಸಮಟ್ಟ ಇಟ್ಟು ನೋಡಿಸಿದೆ. ಹಿಂಡುವುದು 800 ಸುತ್ತಿನಲ್ಲಿ. ಬಾಲ್ಕನಿಯಲ್ಲಿ ಬಿಸಿಲು ಬೀಳುವ ಮನೆಗೆ 1400 ಏಕೆ ಬೇಕಿತ್ತೋ. ಒಂದೇ ಒಂದು ಬೆಡ್‌ಶೀಟ್ ಹಾಕಿ ಓಡಿಸುವುದಿಲ್ಲ, ನೆನೆದು ಒಂದೇ ಕಡೆ ಭಾರ ಕೂತರೆ ಎಂಥ ಮೆಷಿನ್ನೂ ಕುಣಿಯುತ್ತದೆ. ಚಿಮಣಿ ಹಳೆಯದೇ ಇದೆ. ಕಿರಿದಾದ, ಮೂರು ಕಡೆ ಬಾಗಿದ ಕೊಳವೆ ತೆಗೆಸಿ ಅಗಲದ್ದು ಹಾಕಿಸಿದ ಮೇಲೆ ಕಡಿಮೆ ವೇಗದಲ್ಲೇ ಹೊಗೆ ಹೋಗುತ್ತದೆ.

ಹಿಟ್ಟಿಗೆ ಗ್ರೈಂಡರ್ ಬಂತು, ಕೊಯಮತ್ತೂರಿನಲ್ಲಿ ಹುಟ್ಟಿ ದಕ್ಷಿಣದ ಮನೆಗಳಿಗೆಲ್ಲ ಹರಡಿದ ಕಲ್ಲಿನ ಯಂತ್ರ. ಕಲ್ಲು ನಿಧಾನಕ್ಕೆ ಸುತ್ತುತ್ತದೆ, ಅರ್ಧ ಗಂಟೆ ಬೇಕು, ಹಿಟ್ಟು ಬಿಸಿಯಾಗುವುದಿಲ್ಲ, ಸದ್ದು ಕಿರುಚುವುದಲ್ಲ, ಗುಡುಗುಡು. ಮಿಕ್ಸಿ ಹಾಕುವ ಮೊದಲು ಈಗ ಅಮ್ಮನ ಭುಜ ಮುಟ್ಟಿ ಹೇಳುತ್ತೇನೆ, ಅವಳು ಶ್ರವಣಯಂತ್ರದ ಗುಂಡಿ ಒತ್ತಿ ದನಿ ತಗ್ಗಿಸಿಕೊಳ್ಳುತ್ತಾಳೆ. ಕಳೆದ ಆ ಎರಡು ವರ್ಷದ ಬೆಳಗುಗಳಲ್ಲಿ ಅವಳು ಅಪ್ಪನ ಬಗ್ಗೆ ಏನೇನು ಹೇಳಬೇಕೆಂದಿದ್ದಳೋ, ಕೇಳಿದರೆ "ಈಗ ನೆನಪಿಲ್ಲ ಮಾರಾಯ್ತಿ" ಎನ್ನುತ್ತಾಳೆ.

ಹೋದ ಶನಿವಾರ ಸಂಜೆ ಉದ್ದು ರುಬ್ಬಲು ಹಾಕಿ ನಾನು ಹಾಲ್‌ನಲ್ಲಿ ಬಟ್ಟೆ ಮಡಿಸುತ್ತಿದ್ದೆ. ಅಮ್ಮ ಎದುರಿಗೆ ಸೊಪ್ಪು ಬಿಡಿಸುತ್ತಿದ್ದಳು, ಕಿವಿಯಲ್ಲಿ ಯಂತ್ರ ಇತ್ತು. ಇದ್ದಕ್ಕಿದ್ದಂತೆ ತಲೆ ಎತ್ತಿ ಅಡುಗೆಮನೆ ಕಡೆ ನೋಡಿದಳು. "ನಿಲ್ಸೇ, ಹಿಟ್ಟು ಆಯ್ತು. ಶಬ್ದ ಬದಲಾಯ್ತು ನೋಡು." ನಾನು ಎದ್ದು ಹೋಗಿ ಬೆರಳಿಗೆ ತಗುಲಿಸಿ ನೋಡಿದೆ. ನುಣ್ಣಗಾಗಿತ್ತು.