ಚಿಕ್ಕಪ್ಪನ ಕಾವು ಪೆಟ್ಟಿಗೆ

ಆ ಬೇಸಿಗೆಯಲ್ಲಿ ಕೊಕ್ಕರೆ ರೋಗ ಬಂದು ಅರಕಲಗೂಡು ಕಡೆಯ ನಮ್ಮೂರಿನ ಕೋಳಿಗಳನ್ನೆಲ್ಲ ಬಳಿದುಕೊಂಡು ಹೋಗಿತ್ತು. ಹಿತ್ತಿಲಲ್ಲಿ ಕೆದಕುವ ಸದ್ದಿಲ್ಲ, ನಸುಕಿಗೆ ಕೂಗುವ ಹುಂಜವಿಲ್ಲ. ಅಜ್ಜಿ ಕೋಳಿಗೂಡಿಗೆ ಸುಣ್ಣ ಬಳಿದು, ಬಾಗಿಲು ತೆರೆದಿಟ್ಟು, ಬಿಸಿಲಿಗೆ ಒಣಗಲು ಬಿಟ್ಟಿದ್ದರು. ಮಳೆ ಹಿಡಿದ ಮೇಲೆ ತವರಿಗೆ ಹೋಗಿ ನಾಟಿ ಕೋಳಿಯ ಮೊಟ್ಟೆ ತಂದರು. ರಾಗಿ ತುಂಬಿದ ಕುಕ್ಕೆಯಲ್ಲಿ ಹೂತಿಟ್ಟು, ಬಸ್ಸಿನ ಕುಲುಕಾಟ ತಾಗದ ಹಾಗೆ ದಾರಿಯುದ್ದಕ್ಕೂ ತೊಡೆಯ ಮೇಲೇ ಇಟ್ಟುಕೊಂಡು ಬಂದಿದ್ದರು. ಅವರ ಮದುವೆಯಲ್ಲಿ ತವರಿನಿಂದ ಬಂದಿದ್ದ ತಳಿ ಅದು. ಹೇಂಟೆಯನ್ನೇ ತರಬಹುದಿತ್ತು, ಆದರೆ ಊರಲ್ಲಿ ಎಲ್ಲಾದರೂ ಉಳಿದ ರೋಗ ಅದಕ್ಕೂ ಅಂಟೀತೆಂದು ಅಜ್ಜಿಗೆ ಭಯ. ಹೀಗಾಗಿ ಮೊಟ್ಟೆ ಬಂತು, ಕಾವು ಕೊಡುವ ಜೀವವಿಲ್ಲ.

ಚಿಕ್ಕಪ್ಪ ಪೇಟೆಯಲ್ಲಿ ರೇಡಿಯೋ, ಟೀವಿ ರಿಪೇರಿ ಅಂಗಡಿ ಇಟ್ಟಿದ್ದರು. ಕುಕ್ಕೆಯನ್ನು ಒಮ್ಮೆ ನೋಡಿ, "ಯೋಚ್ನೆ ಮಾಡ್ಬೇಡ ಕಣವ್ವ, ಪೆಟ್ಟಿಗೆ ಮಾಡ್ತೀನಿ" ಅಂದರು. ಮಾರನೆಯ ದಿನವೇ ಮೀನು ಮಾರುವವರು ಐಸು ತುಂಬಿಸುವ ಥರ್ಮಾಕೋಲ್ ಡಬ್ಬ ಮನೆಗೆ ಬಂತು. ಅದನ್ನು ಸೋಪಿನ ನೀರಿನಲ್ಲಿ ಉಜ್ಜಿ ಉಜ್ಜಿ ಮೀನಿನ ವಾಸನೆ ಬಿಡಿಸಿದ್ದು ನಾನು.

ಆ ಡಬ್ಬದೊಳಗೆ ಏನೇನಿತ್ತು ಅನ್ನುವುದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಒಂದು ಮೂಲೆಯಲ್ಲಿ ಎರಡು ಬಲ್ಬು, ಒಂದು ಸುಟ್ಟುಹೋದರೂ ಇನ್ನೊಂದು ಇರಲಿ ಅಂತ. ಎದುರಿಗೆ ಹಳೇ ಕಂಪ್ಯೂಟರಿನ ಪುಟ್ಟ ಫ್ಯಾನು. ತಳದಲ್ಲಿ ನೀರಿನ ತಟ್ಟೆ, ಅದರ ಮೇಲೆ ಕಬ್ಬಿಣದ ಜಾಲರಿ. ಮೊಟ್ಟೆಯ ಮಟ್ಟಕ್ಕೆ ಸರಿಯಾಗಿ ತೂಗಿಬಿಟ್ಟ ಥರ್ಮಿಸ್ಟರ್, ಅಂದರೆ ಬಿಸಿ ಏರಿದ ಹಾಗೆ ತನ್ನೊಳಗೆ ಹರಿಯುವ ಕರೆಂಟಿನ ಲೆಕ್ಕ ಬದಲಿಸುವ, ಮೆಣಸಿನ ಕಾಳಿನಷ್ಟು ಚಿಕ್ಕ ಬಿಡಿಭಾಗ. ಶಾಖ 37.5 ಡಿಗ್ರಿ ದಾಟಿದರೆ ರಿಲೇ 'ಟಕ್' ಅಂದು ಬಲ್ಬು ಆರುತ್ತಿತ್ತು, ಇಳಿದರೆ ಮತ್ತೆ 'ಟಕ್'. ಥರ್ಮಾಮೀಟರು ಸುಳ್ಳು ಹೇಳಿದರೆ ಇಡೀ ಕೆಲಸ ಹಾಳೆಂದು ಅದನ್ನೂ ಜ್ವರ ನೋಡುವ ಥರ್ಮಾಮೀಟರನ್ನೂ ಒಂದೇ ಲೋಟದ ಬೆಚ್ಚನೆ ನೀರಿನಲ್ಲಿ ಅದ್ದಿ ತಾಳೆ ನೋಡಿದರು. ಇನ್ನೊಂದು ಥರ್ಮಾಮೀಟರಿನ ಬುಡಕ್ಕೆ ಒದ್ದೆ ಬತ್ತಿ ಸುತ್ತಿದ್ದರು. ಅದು 29ರ ಆಸುಪಾಸು ತೋರಿಸಿದರೆ ತೇವ ಸರಿಯಿದೆ ಅಂತ ಅರ್ಥ. ಮೊಟ್ಟೆ ಒಳಗೆ ಹಾಕುವ ಮೊದಲು ಬರೀ ಡಬ್ಬವನ್ನೇ ಹಗಲೂ ರಾತ್ರಿ ಓಡಿಸಿ, ಅದು ನಂಬಿಕಸ್ತ ಅನ್ನಿಸಿದ ಮೇಲೇ ಅಜ್ಜಿಯ ಕೈಯಿಂದ ಮೊಟ್ಟೆ ಇಡಿಸಿದರು.

ನನ್ನ ಪಾಲಿಗೆ ಬಂದ ಕೆಲಸ ಮೊಟ್ಟೆ ತಿರುಗಿಸುವುದು. ಪ್ರತಿ ಮೊಟ್ಟೆಯ ಒಂದು ಮಗ್ಗುಲಿಗೆ ಸೊನ್ನೆ, ಇನ್ನೊಂದಕ್ಕೆ ಕತ್ತರಿ ಗುರುತು, ಪೆನ್ಸಿಲಿನಲ್ಲಿ. ದಿನಕ್ಕೆ ಮೂರು ಸಲ. ಎರಡೋ ನಾಲ್ಕೋ ಯಾಕಲ್ಲ ಅಂದರೆ, ಬೆಸ ಲೆಕ್ಕದಲ್ಲಿ ತಿರುಗಿಸಿದರೆ ಇವತ್ತಿನ ಉದ್ದನೆಯ ರಾತ್ರಿ ಒಂದು ಮಗ್ಗುಲು, ನಾಳಿನದು ಇನ್ನೊಂದು ಮಗ್ಗುಲು. ಒಂದೇ ಕಡೆ ಬಿದ್ದುಕೊಂಡಿದ್ದರೆ ಒಳಗಿನ ಭ್ರೂಣ ಪೊರೆಗೆ ಅಂಟಿಕೊಂಡು ಸಾಯುತ್ತದೆ. ಹೇಂಟೆ ಇದನ್ನು ಕೊಕ್ಕಿನಲ್ಲಿ, ಹೊಟ್ಟೆಯಡಿಯಲ್ಲಿ, ರಾತ್ರಿಯೂ ಬಿಡದೆ ಮಾಡುತ್ತಿರುತ್ತದೆ. ಗಡಿಯಾರ ನೋಡಿಕೊಂಡು ಅದೇ ಕೆಲಸ ಮಾಡಿದ ಮೇಲೆ ಕಾವಿಗೆ ಕೂತ ಕೋಳಿಯ ಬಗ್ಗೆ ನನಗೆ ಹುಟ್ಟಿದ ಗೌರವ ಇವತ್ತಿಗೂ ಕಡಿಮೆಯಾಗಿಲ್ಲ.

ಒಂದು ವಾರ ಆದ ಮೇಲೆ ಒಂದು ರಾತ್ರಿ ಚಿಕ್ಕಪ್ಪ ಅಜ್ಜಿಯನ್ನು ಕತ್ತಲೆ ಕೋಣೆಗೆ ಕರೆದರು. ಟಾರ್ಚಿನ ಬಾಯಿಗೆ ರಟ್ಟಿನ ಕೊಳವೆ ಸಿಕ್ಕಿಸಿ, ಅದರ ತುದಿಗೆ ಮೊಟ್ಟೆಯ ದಪ್ಪ ತುದಿ ಒತ್ತಿ ಹಿಡಿದರು. ಮೊಟ್ಟೆ ಕೆಂಡದ ಬಣ್ಣಕ್ಕೆ ತಿರುಗಿತು. ಒಳಗೆ ಕೂದಲೆಳೆಯಂಥ ಕೆಂಪು ನರಗಳು ನಾಲ್ಕೂ ಕಡೆ ಹರಡಿದ್ದವು. ನಡುವೆ ಒಂದು ಕಪ್ಪು ಚುಕ್ಕೆ, ಅದು ಕಣ್ಣು. ನೋಡುತ್ತಿದ್ದ ಹಾಗೇ ಆ ಚುಕ್ಕೆ ಜರುಗಿತು. ಎಷ್ಟೋ ಹೇಂಟೆಗಳನ್ನು ಕಾವಿಗೆ ಕೂರಿಸಿ, ಮೊಟ್ಟೆಯನ್ನು ಕಿವಿಗಿಟ್ಟು ಮರಿಯ ಸದ್ದು ಕೇಳಿಯೇ ಬಲ್ಲ ಅಜ್ಜಿ ಒಳಗನ್ನು ಕಂಡದ್ದು ಅದೇ ಮೊದಲು. "ಅಯ್ಯೋ ನನ್ನ ಕಂದ, ಆಡ್ತಾ ಅದೆ ಕಣ್ಲಾ" ಅಂದವರು ಕೈ ಮುಗಿದರು. ಎರಡು ಮೊಟ್ಟೆಗಳಲ್ಲಿ ನರವಿರಲಿಲ್ಲ, ಬರೀ ತಿಳಿ ಬೆಳಕು. ಗೊಡ್ಡು. ಅವನ್ನು ತೆಗೆದರು.

ಆಮೇಲೆ ಬಂತು ಗಾಳಿಮಳೆಯ ರಾತ್ರಿ. ಎಲ್ಲೋ ಮರ ಬಿದ್ದು ಕರೆಂಟು ಹೋಯಿತು. ಚಿಕ್ಕಪ್ಪ ಕಾರಿನ ಹಳೇ ಬ್ಯಾಟರಿಗೆ ಇಂಡಿಕೇಟರ್ ಬಲ್ಬು ಜೋಡಿಸಿ ಒಳಗಿಟ್ಟರು. ನಸುಕಿಗೆ ಮುಂಚೆ ಅದೂ ಮಂಕಾಯಿತು. ಅಜ್ಜಿ ಏನೂ ಮಾತಾಡದೆ ಬಚ್ಚಲ ಒಲೆಗೆ ಸೌದೆ ತಳ್ಳಿ, ಹಂಡೆಯ ನೀರನ್ನು ಬಾಟಲಿಗಳಿಗೆ ತುಂಬಿ, ಬಟ್ಟೆ ಸುತ್ತಿ ಡಬ್ಬದೊಳಗೆ ಇಟ್ಟರು. ಮೇಲೆ ಕಂಬಳಿ. ಗಾಳಿಯ ತೂತುಗಳಲ್ಲಿ ಒಂದನ್ನು ಮಾತ್ರ ಮುಚ್ಚಲಿಲ್ಲ, "ಒಳಗಿರೋವು ಉಸ್ರಾಡ್ಬೇಡ್ವಾ" ಅಂದರು. ಆಗಾಗ ಒಂದು ಮೊಟ್ಟೆ ತೆಗೆದು ಮುಚ್ಚಿದ ಕಣ್ಣರೆಪ್ಪೆಗೆ ತಾಗಿಸಿ ನೋಡುವರು. ಈಜಿಪ್ಟಿನಲ್ಲಿ ಎರಡು ಸಾವಿರ ವರ್ಷಕ್ಕೂ ಹಳೆಯದಾದ ಪದ್ಧತಿಯೊಂದಿದೆ. ಇಟ್ಟಿಗೆಯ ಗೂಡುಗಳಲ್ಲಿ ಬೆಂಕಿಯ ಕಾವಿನಿಂದಲೇ ಸಾವಿರಾರು ಮರಿ ಮಾಡಿಸುವ ಅಲ್ಲಿನ ಕುಶಲಿಗರು ಶಾಖವನ್ನು ಅಳೆಯುತ್ತಿದ್ದದ್ದೂ ಹೀಗೇ, ಕಣ್ಣರೆಪ್ಪೆಗೆ ತಾಗಿಸಿ. ಇದನ್ನು ಓದಿದ ದಿನ ನನ್ನ ಅಜ್ಜಿಯನ್ನು ನೆನೆದು ಕಣ್ಣು ತುಂಬಿ ಬಂತು. ಮೊಟ್ಟೆಗೆ ಸ್ವಲ್ಪ ಹೊತ್ತಿನ ತಂಪು ತಡೆದೀತು, ಹೇಂಟೆಯೂ ಮೇಯಲು ಎದ್ದು ಹೋಗುತ್ತದಲ್ಲ. ತಡೆಯದ್ದು ಅತಿ ಬಿಸಿ. ಅಜ್ಜಿಗೆ ಅದು ಗೊತ್ತಿತ್ತು, ಬಿಸಿ ಬಾಟಲಿ ಮೊಟ್ಟೆಗೆ ನೇರ ತಾಗಗೊಡಲಿಲ್ಲ.

ಹದಿನೆಂಟನೇ ದಿನದಿಂದ ತಿರುಗಿಸುವುದು ನಿಂತಿತು, ಒದ್ದೆ ಬಟ್ಟೆ ಇಟ್ಟು ತೇವ ಹೆಚ್ಚಿಸಿದೆವು. ಇಪ್ಪತ್ತೊಂದರ ಬೆಳಿಗ್ಗೆ ಒಂದು ಮೊಟ್ಟೆಯಲ್ಲಿ ನಕ್ಷತ್ರದಂಥ ಬಿರುಕು. ಒಳಗಿಂದ ಚಿಂವ್ ಅನ್ನುವ ಸದ್ದು. ಮಧ್ಯಾಹ್ನ ಕಳೆದರೂ ಬಿರುಕು ದೊಡ್ಡದಾಗಲಿಲ್ಲ. ಚಿಕ್ಕಪ್ಪ ಚಡಪಡಿಸಿ ಇಕ್ಕಳ ತಂದರು. ಅಜ್ಜಿ ಕೈ ಹಿಡಿದರು: "ಕಿತ್ರೆ ರಕ್ತ ಬತ್ತದೆ, ಬುಡ್ಲಾ." ಮಾತು ನಿಜ. ಪೊರೆಯ ನರಗಳಲ್ಲಿ ಇನ್ನೂ ರಕ್ತ ಓಡುತ್ತಿರುತ್ತದೆ, ಉಳಿದ ಹಳದಿ ಭಂಡಾರವನ್ನು ಮರಿ ಹೊಟ್ಟೆಯೊಳಕ್ಕೆ ಎಳೆದುಕೊಳ್ಳುತ್ತಿರುತ್ತದೆ. ಆ ಬುತ್ತಿಯಿಂದಲೇ ಹುಟ್ಟಿದ ಮರಿ ಒಂದೆರಡು ದಿನ ಕಾಳು ನೀರಿಲ್ಲದೆ ಇರಬಲ್ಲದು. ರಾತ್ರಿ ಊಟದ ಹೊತ್ತಿಗೆ ಚಿಪ್ಪು ಸುತ್ತಲೂ ಕುಯ್ದ ಹಾಗೆ ಬಿಟ್ಟುಕೊಂಡಿತು. ಒದ್ದೆ ಮುದ್ದೆಯಾದ ಮರಿ ಹೊರಳಿ ಬಿತ್ತು. ಬೆಳಗಾಗುವುದರೊಳಗೆ ಅರ್ಧಕ್ಕಿಂತ ಹೆಚ್ಚು ಮೊಟ್ಟೆ ಒಡೆದಿದ್ದವು.

ಮೇಯುವುದನ್ನು ಕಲಿಸಲು ತಾಯಿಯಿಲ್ಲ. ಅಜ್ಜಿ ಪೇಪರಿನ ಮೇಲೆ ನುಚ್ಚು ಚೆಲ್ಲಿ, ತೋರುಬೆರಳನ್ನು ಕೊಕ್ಕಿನ ಹಾಗೆ ಟುಕುಟುಕು ಕುಟ್ಟಿದರು. ಒಂದು ಮರಿ ಕುಕ್ಕಿತು, ಅದನ್ನು ನೋಡಿ ಮಿಕ್ಕವೂ ಕುಕ್ಕಿದವು. ದೊಡ್ಡವಾದ ಮೇಲೆ ಕೆಲವನ್ನು ನೆರೆಮನೆಗಳಿಗೆ ಪಾಲಿಗೆ ಕೊಟ್ಟರು.

ಮರುವರ್ಷ ಅವುಗಳಲ್ಲೇ ಒಂದು ಹೇಂಟೆ ಕಾವಿಗೆ ಕೂತಿತು. ತಾಯಿಯ ಮುಖವನ್ನೇ ಕಾಣದ ಕೋಳಿ ಕೊಕ್ಕಿನಿಂದ ಮೊಟ್ಟೆಗಳನ್ನು ಒಂದೊಂದಾಗಿ ಹೊರಳಿಸುತ್ತಿತ್ತು. ಚಿಕ್ಕಪ್ಪ ಥರ್ಮಾಮೀಟರು, ಪುಸ್ತಕ, ಟಾರ್ಚು ಹಿಡಿದು ಮಂಕರಿಯ ಮುಂದೆ ಕುಕ್ಕರಗಾಲಲ್ಲಿ ಕೂತರು. ಒಳಗಿನಿಂದ ಅಜ್ಜಿ ಕೂಗಿದರು: "ಅದ್ರ ಪಾಡಿಗೆ ಅದನ್ನ ಬುಟ್ಟು ಉಣ್ಣಾಕ್ ಬಾರ್ಲಾ!"